ಮೀನು ಆಮೇಲೆ, ಮೊದ್ಲು ನೀರಿಗೆ ದಿಕ್ಕು ಯಾರು?

"ಮಕ್ಕಳು ಹಟ ಹಿಡಿದಿದಾರೆ, ಸಮುದ್ರದ ಮೀನಿನ ಟ್ಯಾಂಕ್ ಇಡಬಹುದಾ?" ಅಂತ ಈ ತಿಂಗಳಲ್ಲಿ ನನ್ನನ್ನ ಮೂರು ಜನ ಕೇಳಿದ್ರು. ಒಬ್ರು ನಮ್ಮ ಅತ್ತಿಗೆ, ಒಬ್ರು ಎದುರು ಮನೆಯವರು, ಇನ್ನೊಬ್ಳು ಚಿಕ್ಕಮ್ಮನ ಸೊಸೆ. ನಮ್ಮನೇಲಿ ಹನ್ನೆರಡು ವರ್ಷದಿಂದ ಗಪ್ಪಿ, ಮಾಲಿ, ಗೋಲ್ಡ್ ಫಿಶ್ ಇರೋದು ಎಲ್ಲರಿಗೂ ಗೊತ್ತು. ಈಗ ಹಾಲಲ್ಲಿ ಉಪ್ಪುನೀರಿನ ತೊಟ್ಟೀನೂ ಬಂದು ಕೂತಿದೆ ಅಂತ ಸುದ್ದಿ ಹಬ್ಬಿದೆ. ಅದಕ್ಕೇ ಕೇಳ್ತಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲೇ ಉತ್ತರ ಬರೆದುಬಿಡ್ತೀನಿ.

ಇಡಬಹುದು. ಆದ್ರೆ ಮೀನು ತರೋಕ್ಕೆ ಮುಂಚೆ ಎರಡು ತಿಂಗಳು ಬರೀ ಉಪ್ಪುನೀರು ಇಟ್ಟು ನೋಡಿ. ಆ ಎರಡು ತಿಂಗಳು ಆ ನೀರನ್ನ ದಿನಾ ಯಾರು ನೋಡ್ಕೊಂಡ್ರೋ ಅವರ ಹೆಸರಲ್ಲಿ ಮೀನು ತನ್ನಿ. ಯಾರೂ ನೋಡ್ಕೊಳ್ಳಲಿಲ್ಲ ಅಂದ್ರೆ ತೊಟ್ಟಿ ಮಾರಿಬಿಡಿ. ಮನೆ ಹೆಂಗಸಿಗೇ ಆಸೆ ಇದ್ರೆ ಅದು ಬೇರೆ ಮಾತು, ಖುಷಿಯಾಗಿ ಮಾಡಲಿ. ಆಸೆ ಬೇರೆಯವರದ್ದು, ಕೆಲಸ ನಮ್ಮದು ಅಂತ ಆಗೋ ಹಾಗಿದ್ರೆ ಮಾತ್ರ ಈ ಎರಡು ತಿಂಗಳು ಕೈಕಟ್ಟಿ ಕೂತ್ಕೊಳ್ಳಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂತ ವಿವರವಾಗಿ ಹೇಳ್ತೀನಿ, ಕೇಳಿ.

ಸಿಹಿನೀರಿನ ಮೀನು ನಮ್ಮ ಮನೆಗಳಿಗೆ ಒಗ್ಗಿಹೋಗಿರೋ ಜೀವ. ಗಪ್ಪಿಯಂತೂ ಸಂಪಲ್ಲಿ, ಹೂವಿನ ತೊಟ್ಟೀಲಿ, ಸೊಳ್ಳೆ ಮರಿ ತಿನ್ಕೊಂಡು ಹಾಯಾಗಿರತ್ತೆ. ನಲ್ಲಿ ನೀರನ್ನ ಒಂದು ದಿನ ಬಕೆಟ್ಟಲ್ಲಿ ಬಿಟ್ಟು ಕ್ಲೋರಿನ್ ಹೋದ್ಮೇಲೆ ಹಾಕಿದ್ರೆ ಸಾಕು. ಎರಡು ದಿನ ಮರೆತ್ರೂ ಕ್ಷಮಿಸತ್ತೆ. ತೆಗೆದ ನೀರು ದಾಸವಾಳಕ್ಕೋ ಕರಿಬೇವಿಗೋ ಹಾಕಿದ್ರೆ ಗಿಡ ಚಿಗುರತ್ತೆ. ಯಾವುದೂ ದಂಡ ಇಲ್ಲ.

ಉಪ್ಪುನೀರಿನ ಲೆಕ್ಕವೇ ಬೇರೆ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿ ಐದು ನಿಮಿಷ ಬಿಟ್ಟರೆ ನೀರು ಬಿಡತ್ತಲ್ಲ, ಸಮುದ್ರದ ಮೀನಿನ ಮೈಯೂ ಹಾಗೇ. ಸುತ್ತ ಇರೋ ಉಪ್ಪು ಅದರ ಮೈನೀರನ್ನ ಸದಾ ಎಳೀತಾ ಇರತ್ತೆ. ಅದಕ್ಕೇ ಅದು ಸಮುದ್ರದ ನೀರನ್ನೇ ಕುಡೀತಾ, ಹೆಚ್ಚಾದ ಉಪ್ಪನ್ನ ಕಿವಿರಿಂದ ಆಚೆ ಹಾಕ್ತಾ ಬದುಕತ್ತೆ. ಗೋಲ್ಡ್ ಫಿಶ್‌ದು ಇದಕ್ಕೆ ಉಲ್ಟಾ. ನೀರು ತಾನಾಗೇ ಮೈಯೊಳಕ್ಕೆ ನುಗ್ಗತ್ತೆ, ಅದು ಆಚೆ ಹಾಕ್ತಾ ಇರತ್ತೆ. ಹಾಗಾಗಿ ಇದನ್ನ ಅದರಲ್ಲಿ, ಅದನ್ನ ಇದರಲ್ಲಿ ಬಿಡೋಕ್ಕಾಗಲ್ಲ. ಮಾಲಿ ಮೀನೊಂದು ಮಾತ್ರ ಗಟ್ಟಿಗಿತ್ತಿ. ನಿಧಾನಕ್ಕೆ ಉಪ್ಪು ಏರಿಸ್ತಾ ಹೋದ್ರೆ ಎರಡು ಕಡೇನೂ ಬಾಳತ್ತೆ.

ಸಮುದ್ರದ ಉಪ್ಪು ಅಂದ್ರೆ ಅಡುಗೆ ಉಪ್ಪೂ ಅಲ್ಲ, ಕಲ್ಲುಪ್ಪೂ ಅಲ್ಲ. ಅದರಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ಅದರದರ ಅಳತೇಲಿ ಇರಬೇಕು. ಅಂಗಡೀಲಿ ಸಿಗೋ ಅಕ್ವೇರಿಯಂ ಉಪ್ಪಿನ ಪುಡೀನೇ ಆಗಬೇಕು. ಲೀಟರಿಗೆ ಸುಮಾರು 35 ಗ್ರಾಂ. 100 ಲೀಟರ್ ತೊಟ್ಟಿಗೆ ಮೊದಲ ಸಲ ಮೂರೂವರೆ ಕೆ.ಜಿ. ಉಪ್ಪು! ನಮ್ಮನೇಲಿ ಅಡುಗೆಗೆ ಮೂರೂವರೆ ಕೆ.ಜಿ. ಉಪ್ಪು ಎಷ್ಟು ತಿಂಗಳು ಬರತ್ತೆ ಅಂತ ಲೆಕ್ಕ ಹಾಕಿ ನೋಡಿ.

ಇನ್ನು ದಿನದ ಕೆಲಸ. ಸಾರು ಒಲೆ ಮೇಲೆ ಮರಳ್ತಾ ಮರಳ್ತಾ ಇದ್ರೆ ಏನಾಗತ್ತೆ? ನೀರು ಹೋಗತ್ತೆ, ಉಪ್ಪು ಉಳಿಯತ್ತೆ, ಸಾರು ಉಪ್ಪಾಗತ್ತೆ. ತೊಟ್ಟೀನೂ ಅಷ್ಟೇ. ಅದು ಒಲೆಯಿಲ್ಲದೆ ಆರ್ತಾ ಇರತ್ತೆ. ಮೇಲ್ಗಡೆ ತೆರೆದಿದ್ರೆ ದಿನಕ್ಕೆ ಒಂದು ಲೀಟರ್ ಆಚೆ ಈಚೆ ಆವಿ ಆಗತ್ತೆ, ಉಪ್ಪು ಒಂದು ಚೂರೂ ಹೋಗಲ್ಲ. ಅದಕ್ಕೆ ದಿನಾ ಗುರುತಿನ ಮಟ್ಟಕ್ಕೆ ಸಿಹಿನೀರು ಸುರೀಬೇಕು. ಉಪ್ಪುನೀರಲ್ಲ, ಸಿಹಿನೀರು. ಈ ಒಂದು ಮಾತನ್ನ ಮನೇಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿ. ಸುರಿಯೋದು ಎರಡು ನಿಮಿಷದ ಕೆಲಸ. ಆದ್ರೆ ಆ ಎರಡು ನಿಮಿಷ ವರ್ಷಕ್ಕೆ 365 ದಿನ ಇದೆ. ಗೌರಿ ಹಬ್ಬದ ದಿನವೂ ಇದೆ, ಪರೀಕ್ಷೆ ದಿನವೂ ಇದೆ, ಊರಿಗೆ ಹೋದಾಗಲೂ ಇದೆ.

ಆ ಸಿಹಿನೀರಾದ್ರೂ ಎಂಥದ್ದು? ಬೋರ್‌ವೆಲ್ ನೀರು ಬೇಡವೇ ಬೇಡ. ಅದರಲ್ಲಿರೋ ಸುಣ್ಣ, ನೈಟ್ರೇಟ್ ಎಲ್ಲ ತೊಟ್ಟೀಲೇ ಕೂತು ಸೇರ್ತಾ ಹೋಗತ್ತೆ, ಪಾಚಿ ಕಟ್ಟತ್ತೆ. ಆರ್‌ಓ ನೀರು ಬೇಕು. ಅದರಲ್ಲೂ ಎಚ್ಚರ. ಈಗ ಮನೆ ಆರ್‌ಓಗಳಲ್ಲಿ ಆರೋಗ್ಯಕ್ಕೆ ಒಳ್ಳೇದು ಅಂತ ತಾಮ್ರದ ಕಾರ್ಟ್ರಿಡ್ಜ್ ಹಾಕಿರ್ತಾರೆ. ತಾಮ್ರ ನಮಗೆ ಒಳ್ಳೇದಿರಬಹುದು, ಸಮುದ್ರದ ಸೀಗಡಿ, ಹುಳ, ಬಸವನಹುಳುಗಳಿಗೆ ಅದು ವಿಷ. ತಾಮ್ರದ ಚೊಂಬಲ್ಲಿ, ಕೊಳಗದಲ್ಲಿ ನೀರು ತುಂಬಿ ಸುರಿಯೋದೂ ಬೇಡ. ಒಂದು ಪ್ಲಾಸ್ಟಿಕ್ ಬಕೆಟ್, ಒಂದು ಮಗ್ ಅದಕ್ಕೇಂತ ಬೇರೆ ಇಡಿ. ಸೋಪು ಮುಟ್ಟದ ಬಕೆಟ್ ಅದು, ಮಡಿ ಬಕೆಟ್ ಅಂದ್ಕೊಳ್ಳಿ. ಸೊಳ್ಳೆಗೆ ಹೊಡೆಯೋ ಸ್ಪ್ರೇ, ಬತ್ತಿ, ಮಿಷನ್ನು ಇವುಗಳಲ್ಲಿರೋ ಔಷಧಿ ಮೀನಿಗೆ ಬಹಳ ಕೆಟ್ಟದ್ದು. ತೊಟ್ಟಿ ಇರೋ ರೂಮಲ್ಲಿ ಅವು ಬೇಡ.

ನೀರಿನ ಲೆಕ್ಕವನ್ನೂ ನೋಡಿ. 100 ಲೀಟರ್ ತೊಟ್ಟಿಗೆ ವಾರಕ್ಕೆ 10 ಲೀಟರ್ ನೀರು ಬದಲಾಯಿಸಬೇಕು, ಮೇಲಿಂದ ತುಂಬಿಸೋದು ಇನ್ನೊಂದು 7 ಲೀಟರ್. ಒಟ್ಟು 17. ಒಂದು ಲೀಟರ್ ಆರ್‌ಓ ನೀರು ಬರಬೇಕಾದ್ರೆ ಎರಡು ಮೂರು ಲೀಟರ್ ಆಚೆ ಹೋಗತ್ತೆ. ಅಂದ್ರೆ ವಾರಕ್ಕೆ 35ರಿಂದ 50 ಲೀಟರ್ ಕೊಳವೇಲಿ ಹರಿಯೋ ನೀರು. ಇದು ಕಾವೇರಿ ನೀರು ಕಣ್ರೀ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಹೊಡೆದು ತಂದ ನೀರು. 2024ರ ಮಾರ್ಚಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನಮಗೆ ಮರೆತಿಲ್ಲ. ಹಾಗಾಗಿ ಆರ್‌ಓ ಬಿಡೋ ನೀರನ್ನ ಡ್ರಮ್ಮಲ್ಲಿ ಹಿಡಿದು ನೆಲ ಒರೆಸೋಕ್ಕೆ, ಬಚ್ಚಲು ತೊಳೆಯೋಕ್ಕೆ ಬಳಸೋ ಏರ್ಪಾಡು ಇಲ್ಲದ ಮನೇಲಿ ಈ ತೊಟ್ಟಿ ಇಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಇನ್ನು ತೊಟ್ಟಿಯಿಂದ ತೆಗೆದ ಉಪ್ಪುನೀರು ಯಾವ ಗಿಡಕ್ಕೂ ಬರಲ್ಲ. ತುಳಸಿಗೆ ಹಾಕಿದ್ರೆ ತುಳಸಿ ಒಣಗತ್ತೆ. ಬಚ್ಚಲ ದಾರೀನೇ ಗತಿ.

ಈಗ ಎರಡು ತಿಂಗಳ ವಿಷಯಕ್ಕೆ ಬರ್ತೀನಿ. ಇದು ನಾನು ಕಟ್ಟಿದ ವ್ರತ ಅಲ್ಲ, ನೀರೇ ಕೇಳೋ ಸಮಯ. ಮೀನಿನ ಗಲೀಜು ಅಮೋನಿಯಾ ಆಗತ್ತೆ. ಅಮೋನಿಯಾ ವಿಷ. ಅದನ್ನ ನೈಟ್ರೈಟ್ ಮಾಡೋಕ್ಕೆ ಒಂದು ಜಾತಿ ಬ್ಯಾಕ್ಟೀರಿಯಾ, ಅದನ್ನ ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡೋಕ್ಕೆ ಇನ್ನೊಂದು ಜಾತಿ. ಹಾಲು ಮೊಸರಾಗೋಕ್ಕೆ ಹೆಪ್ಪು ಬೇಕಲ್ಲ, ಇವು ತೊಟ್ಟಿಯ ಹೆಪ್ಪು. ಮೊಸರು ರಾತ್ರೀಲಿ ಆಗತ್ತೆ, ಇದಕ್ಕೆ ನಾಲ್ಕರಿಂದ ಆರು ವಾರ, ಕೆಲವು ಸಲ ಎಂಟು. ಸಿಹಿನೀರಿಗೂ ಈ ಹೆಪ್ಪು ಬೇಕು. ಆದ್ರೆ ಸಮುದ್ರದ ನೀರು ಹೆಚ್ಚು ಕ್ಷಾರ, ಅದರಲ್ಲಿ ಅಮೋನಿಯಾದ ವಿಷವೂ ಹೆಚ್ಚು. ಹಾಗಾಗಿ ಆತುರ ನಡೆಯಲ್ಲ. ಕಲ್ಲು, ಮರಳು, ಉಪ್ಪುನೀರು ಹಾಕಿ, ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಕೊಳೆಯೋಕ್ಕೆ ಬಿಟ್ಟು, ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ ಏರಿ ಇಳಿದು, ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಗೆ ಬರೋವರೆಗೂ ಕಾಯಬೇಕು.

ಹೇಗೂ ಕಾಯಲೇಬೇಕಾದ ಈ ಸಮಯವನ್ನ ಮನೆಯ ಪರೀಕ್ಷೆ ಮಾಡ್ಕೊಳ್ಳಿ ಅನ್ನೋದು ನನ್ನ ಮಾತು. ನಮ್ಮನೇಲಿ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೀನಿ. ದಿನಾಂಕ, ನೀರು ಹಾಕಿದ್ದು, ಉಪ್ಪಿನಂಶ ನೋಡಿದ್ದು, ಯಾರು. ಅಷ್ಟೇ ನಾಲ್ಕು ಕಲಂ. ಮೊದಲ ವಾರ ಅಪ್ಪ ಮಗ ಪೈಪೋಟಿ ಮೇಲೆ ಟಿಕ್ ಹಾಕಿದ್ರು. ಎರಡನೇ ವಾರ ಟೆಸ್ಟ್ ಕಿಟ್ಟಿನ ಬಣ್ಣ ನೋಡೋ ಉತ್ಸಾಹ ಇತ್ತು. ಮೂರನೇ ವಾರ ನಾಲ್ಕು ದಿನ ಖಾಲಿ. ನೀರು ಗುರುತಿಗಿಂತ ಮೂರು ಬೆರಳು ಇಳೀತು. ನಾನು ಅಲ್ಲೇ ಕೂತು ಹೂ ಕಟ್ತಾ ಇದ್ದೆ, ಎದ್ದು ಹಾಕಲಿಲ್ಲ. ಐದನೇ ದಿನ ಮಗ ಅಳೆದು ನೋಡಿ ಗಾಬರಿಯಾದ. 1.025 ಇರಬೇಕಾದ್ದು 1.027ರ ಮೇಲಕ್ಕೆ ಹೋಗಿತ್ತು. ಅವತ್ತು ರಾತ್ರಿ ಅಪ್ಪ ಮಗ ಕೂತು ವಾರಕ್ಕೆ ಯಾರು ಯಾವ ದಿನ ಅಂತ ಹಂಚ್ಕೊಂಡ್ರು. ಆಮೇಲಿಂದ ಒಂದು ದಿನವೂ ಬಿಟ್ಟಿಲ್ಲ. ಇದು ಐದನೇ ವಾರ. ಇನ್ನೂ ಮೂರು ವಾರ ಇದೆ, ತೀರ್ಪು ಆಮೇಲೆ.

ಮೀನಿದ್ದಿದ್ರೆ ನಾನು ಹಾಗೆ ಹೂ ಕಟ್ತಾ ಕೂರೋಕ್ಕೆ ಆಗ್ತಿತ್ತಾ? ಖಂಡಿತ ಇಲ್ಲ. ಜೀವ ಒದ್ದಾಡೋದನ್ನ ನೋಡ್ಕೊಂಡು ಸುಮ್ಮನಿರೋಕ್ಕೆ ನಮ್ಮಿಂದ ಆಗಲ್ಲ. ಎದ್ದು ನೀರು ಹಾಕ್ತೀವಿ, ಮಾರನೇ ದಿನಾನೂ ಹಾಕ್ತೀವಿ. ಅಲ್ಲಿಗೆ ಆ ಕೆಲಸ ನಮ್ಮದು ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಡ್ತಾರೆ. ಮಕ್ಕಳಿಗೆ ತಂದ ನಾಯಿ, ಟೆರೇಸಿನ ಮೇಲಿನ ಗಿಡ, ಮೊಲದ ಗೂಡು, ಎಲ್ಲ ಅಮ್ಮಂದಿರ ಪಾಲಿಗೆ ಬಂದಿದ್ದು ಹೀಗೇ. ನಮ್ಮ ಕರುಣೇನೇ ನಮ್ಮನ್ನ ಕಟ್ಟಿಹಾಕೋ ಹಗ್ಗ. ತೊಟ್ಟೀಲಿ ಬರೀ ನೀರಿರೋ ಎರಡು ತಿಂಗಳಲ್ಲಿ ಮಾತ್ರ ಆ ಹಗ್ಗ ಇಲ್ಲ. ಯಾರಾದ್ರೂ ಮರೆತ್ರೆ ಕೆಡೋದು ನೀರು, ಸಾಯೋದು ಯಾರೂ ಇಲ್ಲ.

"ಮಕ್ಕಳು ಅಲ್ವಾ, ಜವಾಬ್ದಾರಿ ಕಲೀತಾರೆ ಬಿಡಿ" ಅಂತಾರೆ. ಕಲೀಲಿ, ನಾನೂ ಬೇಡ ಅನ್ನಲ್ಲ. ಆದ್ರೆ ಇನ್ನೊಂದು ಲೆಕ್ಕ ಇದೆ. ಗಪ್ಪಿ ಆಯಸ್ಸು ಎರಡು ವರ್ಷ. ಕ್ಲೌನ್ ಫಿಶ್ ಚೆನ್ನಾಗಿ ನೋಡ್ಕೊಂಡ್ರೆ ಹತ್ತು ವರ್ಷ ದಾಟತ್ತೆ, ಇಪ್ಪತ್ತು ವರ್ಷ ಬಾಳಿದ್ದೂ ಇದೆ. ಇವತ್ತು ಏಳನೇ ಕ್ಲಾಸಿನ ಹುಡುಗ ಹಟ ಮಾಡಿ ತರಿಸ್ಕೊಂಡ ಮೀನು, ಅವನು ಹಾಸ್ಟೆಲಿಗೆ ಹೋದ್ಮೇಲೂ ಹಾಲಲ್ಲೇ ಇರತ್ತೆ. ಅದಕ್ಕೇ ಹಾಳೇಲಿ ಒಬ್ಬ ದೊಡ್ಡವರ ಹೆಸರು ಇರಲೇಬೇಕು.

ಎಲ್ಲರೂ ಕೇಳೋದು ಕ್ಲೌನ್ ಫಿಶ್ಶನ್ನೇ, ಕಿತ್ತಳೆ ಬಣ್ಣ, ಬಿಳೀ ಪಟ್ಟೆ. 2003ರಲ್ಲಿ ಬಂದ 'ಫೈಂಡಿಂಗ್ ನೆಮೋ' ಸಿನಿಮಾ ಮಾಡಿದ ಮೋಡಿ. ಆ ಸಿನಿಮಾದಲ್ಲಿ ಅಮ್ಮ ಮೀನು ಮೊದಲಲ್ಲೇ ಸತ್ತುಹೋಗತ್ತೆ, ಅಪ್ಪ ಮಗನನ್ನ ಹುಡುಕ್ಕೊಂಡು ಹೋಗ್ತಾನೆ. ನಿಜವಾದ ಸಮುದ್ರದಲ್ಲಿ ಹಾಗಲ್ಲ. ಕ್ಲೌನ್ ಫಿಶ್ ಎಲ್ಲ ಮೊದಲು ಗಂಡೇ. ಗುಂಪಿನ ಹಿರೀದು ಮಾತ್ರ ಹೆಣ್ಣಾಗತ್ತೆ, ಯಜಮಾನಿಕೆ ಅದರದ್ದೇ. ಅವಳು ಸತ್ತರೆ ಅವಳ ಗಂಡನೇ ಹೆಣ್ಣಾಗಿ ಆ ಜಾಗಕ್ಕೆ ಬರ್ತಾನೆ. ನಮ್ಮನೆ ಗಂಡಸರು ಅಷ್ಟೆಲ್ಲ ಮಾಡೋದು ಬೇಡ, ದಿನಾ ಒಂದು ಲೀಟರ್ ನೀರು ಹಾಕಿದ್ರೆ ಸಾಕು ಅಂತ ನಾನು ಹೇಳಿದ್ದಕ್ಕೆ ನಮ್ಮತ್ತೆ ನಕ್ಕಿದ್ದೇ ನಕ್ಕಿದ್ದು.

ತರೋ ಮೀನು ಎಲ್ಲಿಂದ ಬಂತು ಅಂತ ಅಂಗಡೀಲಿ ಕೇಳಲೇಬೇಕು. ಸಿಹಿನೀರಿನ ಮೀನು ಬಹುಪಾಲು ಸಾಕಣೆ ಕೊಳದಲ್ಲಿ ಹುಟ್ಟಿದ್ದು. ಸಮುದ್ರದ ಮೀನು ಇನ್ನೂ ಹೆಚ್ಚಿನದು ಹವಳದ ಬಂಡೆಗಳಿಂದ ಹಿಡಿದದ್ದೇ. ಕೆಲವು ದೇಶಗಳಲ್ಲಿ ಸಯನೈಡ್ ಚಿಮುಕಿಸಿ, ಮೂರ್ಛೆ ತಪ್ಪಿಸಿ ಹಿಡೀತಾರೆ. ಅಂಥ ಮೀನು ಮನೆಗೆ ಬಂದು ಸಾಯೋದು, ಮತ್ತೆ ಇನ್ನೊಂದು ತರೋದು, ಇದು ಹವ್ಯಾಸವಲ್ಲ, ಪಾಪ. ಕ್ಲೌನ್ ಫಿಶ್ ಹಾಗಲ್ಲ, ಅದು ತೊಟ್ಟೀಲೇ ಮರಿ ಮಾಡತ್ತೆ. ನಮ್ಮ ದೇಶದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂನಲ್ಲಿ ಅದರ ಮರಿ ಮಾಡಿಸಿ, ಬೇರೆಯವರಿಗೂ ಕಲಿಸಿದಾರೆ. ಲಕ್ಷದ್ವೀಪದ ಅಗತ್ತಿ ದ್ವೀಪದಲ್ಲಿ ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಬ್ಯೂರೋದವರು ಅಲ್ಲಿನ ಹೆಂಗಸರಿಗೇ ಬಣ್ಣದ ಸೀಗಡಿ ಸಾಕೋದನ್ನ ಹೇಳ್ಕೊಟ್ಟಿದಾರೆ. ಅಂಥ ಸಾಕಣೆಯ ಜೀವ ಸಿಕ್ಕಿದ್ರೆ ನಾಲ್ಕು ಕಾಸು ಹೆಚ್ಚಾದ್ರೂ ಅದನ್ನೇ ತನ್ನಿ.

ನಮ್ಮಂಥ ಸಸ್ಯಾಹಾರಿ ಮನೆಗಳಿಗೆ ಇದರಲ್ಲಿ ಇನ್ನೊಂದು ಅನುಕೂಲ ಇದೆ. ಸಮುದ್ರದಿಂದ ಹಿಡಿದ ಮೀನಿಗೆ ಎಷ್ಟೋ ಸಲ ಫ್ರೀಜರಲ್ಲಿಟ್ಟ ಸೀಗಡಿ ಚೂರೇ ಬೇಕಾಗತ್ತೆ. ತೆಂಗಿನತುರಿ ಡಬ್ಬಿ ಪಕ್ಕ ಸೀಗಡಿ ಡಬ್ಬಿ ಅಂದ್ರೆ ಮನೇಲಿ ಹಿರಿಯರು ಏನಂತಾರೆ ಅಂತ ನಾನು ಹೇಳಬೇಕಾಗಿಲ್ಲ. ತೊಟ್ಟೀಲಿ ಹುಟ್ಟಿ ಬೆಳೆದ ಕ್ಲೌನ್ ಫಿಶ್ ಒಣ ಕಾಳು ತಿಂದ್ಕೊಂಡಿರತ್ತೆ. ಅದರಲ್ಲೂ ಮೀನಿನ ಪುಡಿ ಇರತ್ತೆ ನಿಜ, ಆದ್ರೆ ಡಬ್ಬಿ ತೊಟ್ಟಿ ಕೆಳಗಿನ ಕಪಾಟಲ್ಲಿ ಇರತ್ತೆ, ಅಡುಗೆಮನೆಗೆ ಬರಲ್ಲ.

ಹವಳ, ಕಡಲಕುದುರೆ ಕೇಳೋರಿಗೆ ಒಂದು ಮಾತು. ಇವನ್ನ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿಗೆ ಸೇರಿಸಿದ್ರು. ಹುಲಿ ಇರೋ ಷೆಡ್ಯೂಲು ಅದು. ನಮ್ಮ ಕಡಲಿನ ಹವಳವನ್ನ, ಸತ್ತ ತುಂಡನ್ನೂ ಸೇರಿ, ಕೊಳ್ಳೋದು ಮಾರೋದು ಅಪರಾಧ. ಬೀಚಿಗೆ ಹೋದಾಗ ಚೆನ್ನಾಗಿದೆ ಅಂತ ಬ್ಯಾಗಿಗೆ ಹಾಕ್ಕೊಂಡು ಬರಬೇಡಿ. ಕ್ಲೌನ್ ಫಿಶ್‌ಗೆ ಮನೇಲಿ ಹವಳವೂ ಬೇಡ, ಕಡಲ ಹೂವೂ ಬೇಡ. ಕೃತಕ ಕಲ್ಲಿನ ಸಂದಿಯಲ್ಲೇ ಸಂಸಾರ ಹೂಡತ್ತೆ. ಸಿನಿಮಾದಲ್ಲಿನ ನೀಲಿ ಮೀನು ಡೋರಿಯನ್ನೂ ಕೇಳ್ತಾರೆ. ಅದು ಒಂದಡಿ ಬೆಳೆಯೋ ಮೀನು, ಈಜೋಕ್ಕೆ ದೊಡ್ಡ ಜಾಗ ಬೇಕು. ನಮ್ಮ 20-30 ಸೈಟಿನ ಮನೆ ಹಾಲಲ್ಲಿ ಅದಕ್ಕೆ ಜೈಲೇ.

ಮನೆ ಅಂದ ಮೇಲೆ ಭಾರದ ಮಾತು ಹೇಳಿಬಿಡ್ತೀನಿ. 100 ಲೀಟರ್ ನೀರೇ 100 ಕೆ.ಜಿ., ಗಾಜು ಕಲ್ಲು ಸ್ಟ್ಯಾಂಡ್ ಸೇರಿದ್ರೆ 150ರ ಹತ್ತಿರ. ಗೋಡೆ ಪಕ್ಕ, ಗಟ್ಟಿ ಸ್ಟ್ಯಾಂಡಿನ ಮೇಲೆ ಇಡಿ. ಶೋಕೇಸ್ ಮೇಲೆ, ಟಿ.ವಿ. ಪಕ್ಕ ಬೇಡ. ಉಪ್ಪುನೀರು ಸಿಡಿದು ಒಣಗಿ ಬಿಳೀ ಪುಡಿ ಕಟ್ಟತ್ತೆ, ಕಬ್ಬಿಣ ತುಕ್ಕು ಹಿಡಿಯತ್ತೆ. ಪ್ಲಗ್ಗಿಗೆ ಹೋಗೋ ವೈರು ಮೊದಲು ಕೆಳಕ್ಕೆ ಇಳಿದು ಆಮೇಲೆ ಮೇಲಕ್ಕೆ ಹೋಗೋ ಹಾಗಿರಲಿ, ಹನಿ ಪ್ಲಗ್ಗೊಳಗೆ ಹೋಗಲ್ಲ. ಕರೆಂಟು ಹೋದ್ರೆ ಉಪ್ಪುನೀರಲ್ಲಿ ಆಮ್ಲಜನಕ ಬೇಗ ಕಡಿಮೆಯಾಗತ್ತೆ, ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಂಡಿರಿ. ನೀರು 25, 26 ಡಿಗ್ರಿ ಇರಬೇಕು. ಡಿಸೆಂಬರಿಗೆ ಹೀಟರ್, ಏಪ್ರಿಲ್ಲಿಗೆ ಮೇಲಿಂದ ಬೀಸೋ ಸಣ್ಣ ಫ್ಯಾನು. ಫ್ಯಾನ್ ಹಾಕಿದ್ರೆ ಇನ್ನೂ ಬೇಗ ಆವಿಯಾಗತ್ತೆ, ಮತ್ತೆ ಅದೇ ನೀರು ಹಾಕೋ ಕೆಲಸ.

ಎಲ್ಲ ದಾರೀನೂ ಆ ಒಂದು ಚೊಂಬು ನೀರಿಗೇ ಬರತ್ತೆ ನೋಡಿ. ಸಮುದ್ರ ನಮ್ಮಿಂದ 350 ಕಿಲೋಮೀಟರ್ ದೂರ. ಅದನ್ನ ಹಾಲಿಗೆ ತರೋದು ದುಡ್ಡಿನಿಂದ ಆಗಲ್ಲ, ದಿನಾ ಮಾಡೋ ಸಣ್ಣ ಕೆಲಸದಿಂದ ಆಗತ್ತೆ. ಆ ಕೆಲಸಕ್ಕೆ ಮನೇಲಿ ಇನ್ನೊಬ್ಬರು ಬೆನ್ನು ಕೊಡ್ತಾರೆ ಅಂತ ಗೊತ್ತಾದ್ರೆ ಧಾರಾಳವಾಗಿ ತನ್ನಿ, ಎರಡೇ ಎರಡು ಮೀನು ಬಿಡಿ, ಕಣ್ತುಂಬ ನೋಡಿ. ಗೊತ್ತಾಗಲಿಲ್ಲ ಅಂದ್ರೆ ಗಪ್ಪಿಗೆ ಏನು ಕಡಿಮೆ? ಬಾಲ ಬೀಸ್ಕೊಂಡು ಚೆನ್ನಾಗೇ ಇದೆ, ನೀರು ದಾಸವಾಳಕ್ಕೂ ಆಗತ್ತೆ.

ಹಾಳೆ ಅಂಟಿಸಬೇಕು ಅನ್ನೋರು ನಮ್ಮನೆಗೆ ಬನ್ನಿ, ಒಂದು ಪ್ರತಿ ಕೊಡ್ತೀನಿ. "ಯಾರು" ಅನ್ನೋ ಕಲಮ್ಮಲ್ಲಿ ಮಾತ್ರ ನಿಮ್ಮ ಹೆಸರು ನೀವಾಗೇ ಬರೀಬೇಡಿ.